ಸಂರಕ್ಷಣಾ ಆದೇಶವನ್ನು ಮೀರಿದರೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ದೇಶದಲ್ಲಿ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಈ ಕಾಯ್ದೆಯಡಿ ಅರ್ಜಿ ಹಾಕುವುದು ಹೇಗೆ ಎಂದು ಹೇಳಿಕೊಡುವವರು ಈಗ ಸಾಕಷ್ಟಿದ್ದಾರೆ. ಆದರೆ ಆದೇಶ ಕೈಗೆ ಬಂದ ಮೇಲೂ ಎದುರಿನವರು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೇ ಹೋದಾಗ ಮುಂದೇನು ಎಂಬ ಪ್ರಶ್ನೆ ಬಂದರೆ ಸ್ಪಷ್ಟವಾದ ಉತ್ತರ ಸಿಗುವುದು ಕಡಿಮೆ. ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮರಳಿ ಮರಳಿ ಬಂದ ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಲ್ಲಿ ಇಡಲಾಗಿದೆ. ಆದೇಶ ಪಡೆದ ಮಹಿಳೆಯರ ಪ್ರಶ್ನೆಗಳ ಜೊತೆಗೆ, ಆದೇಶಕ್ಕೆ ಒಳಗಾದವರ, ಅಂದರೆ ನ್ಯಾಯಾಲಯದ ಭಾಷೆಯಲ್ಲಿ ಎದುರುದಾರರ ಪ್ರಶ್ನೆಗಳೂ ಇವೆ. ಬೇರೆ ಕಾಯ್ದೆಯ ಹೆಸರು ಹೇಳದೆ ಸೆಕ್ಷನ್ ಸಂಖ್ಯೆ ಕೊಟ್ಟಲ್ಲೆಲ್ಲ ಅದು 2005ರ ಈ ಕಾಯ್ದೆಯದೇ ಎಂದು ತಿಳಿಯಬೇಕು.

## ಮೊದಲು ತಿಳಿಯಬೇಕಾದದ್ದು

ಡಿ.ವಿ. (ಡೊಮೆಸ್ಟಿಕ್ ವಯಲೆನ್ಸ್, ಅಂದರೆ ಕೌಟುಂಬಿಕ ಹಿಂಸೆ) ಕೇಸಿನಲ್ಲಿ ನನ್ನ ಪರವಾಗಿ ಆರ್ಡರ್ ಆಗಿದೆ. ಸಂರಕ್ಷಣಾ ಆದೇಶ ಅಂದರೆ ಇದೇನಾ?

ಆಗಿರಬಹುದು, ಆಗದೆಯೂ ಇರಬಹುದು. ಈ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಐದು ಬಗೆಯ ಆದೇಶಗಳನ್ನು ಕೊಡಬಲ್ಲರು: ಸೆಕ್ಷನ್ 18ರಡಿ ಸಂರಕ್ಷಣಾ ಆದೇಶ, 19ರಡಿ ವಾಸದ ಆದೇಶ, 20ರಡಿ ಜೀವನಾಂಶವೂ ಸೇರಿದ ಹಣಕಾಸಿನ ಪರಿಹಾರ, 21ರಡಿ ಮಕ್ಕಳ ತಾತ್ಕಾಲಿಕ ಸುಪರ್ದಿ, 22ರಡಿ ನಷ್ಟ ಪರಿಹಾರ. ಒಂದೇ ಅರ್ಜಿಯ ಮೇಲೆ ಇವುಗಳಲ್ಲಿ ಎರಡು ಮೂರನ್ನು ಒಂದೇ ಆದೇಶದಲ್ಲಿ ಸೇರಿಸಿ ಕೊಡುವುದು ಸಾಮಾನ್ಯವಾದ್ದರಿಂದ, ಹತ್ತು ಹದಿನೈದು ಪುಟಗಳ ಆ ಕಾಗದವನ್ನು ಜನ ಒಟ್ಟಾಗಿ ‘ಡಿ.ವಿ. ಆರ್ಡರ್’ ಎಂದು ಕರೆದುಬಿಡುತ್ತಾರೆ. ಮೊದಲ ಪುಟಗಳಲ್ಲಿ ಇರುವುದು ಇಬ್ಬರ ವಾದ, ಸಾಕ್ಷ್ಯ ಮತ್ತು ಅವುಗಳ ವಿಮರ್ಶೆ. ಕೊನೆಯ ಪುಟದಲ್ಲಿ ‘ಆದೇಶ’ ಎಂಬ ತಲೆಬರಹದ ಕೆಳಗೆ ಇರುವ ನಾಲ್ಕಾರು ಸಾಲುಗಳೇ ನಿಜವಾಗಿ ಎದುರುದಾರರನ್ನು ಕಟ್ಟಿಹಾಕುವಂಥವು. ‘ಸೆಕ್ಷನ್ 18ರಡಿ’ ಎಂಬ ಮಾತು ಅಲ್ಲಿ ಇದೆಯೇ ಎಂದು ಮೊದಲು ನೋಡಬೇಕು. ಉಲ್ಲಂಘನೆಗೆ ಜೈಲು ಶಿಕ್ಷೆ ವಿಧಿಸುವ ಸೆಕ್ಷನ್ 31 ಹೆಸರಿಸಿ ಹೇಳುವುದು ಸಂರಕ್ಷಣಾ ಆದೇಶ ಮತ್ತು ಮಧ್ಯಂತರ ಸಂರಕ್ಷಣಾ ಆದೇಶಗಳನ್ನು ಮಾತ್ರ. ಮುಂದಿನ ಬಹುಪಾಲು ಉತ್ತರಗಳು ಈ ಒಂದು ವ್ಯತ್ಯಾಸದ ಮೇಲೇ ನಿಂತಿವೆ.

ಈ ಆದೇಶ ಯಾವ ಯಾವ ಕೆಲಸವನ್ನು ತಡೆಯುತ್ತದೆ?

ಕೌಟುಂಬಿಕ ಹಿಂಸೆಯ ಯಾವುದೇ ಕೃತ್ಯ ಎಸಗುವುದು, ಅದಕ್ಕೆ ಕುಮ್ಮಕ್ಕು ಅಥವಾ ನೆರವು ಕೊಡುವುದು, ಮಹಿಳೆ ಕೆಲಸ ಮಾಡುವ ಸ್ಥಳಕ್ಕೆ ಹೋಗುವುದು, ನೊಂದವಳು ಬಾಲಕಿಯಾಗಿದ್ದರೆ ಅವಳ ಶಾಲೆಗೆ ಹೋಗುವುದು, ಅವಳನ್ನು ಯಾವುದೇ ರೂಪದಲ್ಲಿ ಸಂಪರ್ಕಿಸಲು ಪ್ರಯತ್ನಿಸುವುದು, ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಸ್ತ್ರೀಧನವೂ ಸೇರಿದ ಆಸ್ತಿಯನ್ನು ಪರಭಾರೆ ಮಾಡುವುದು ಅಥವಾ ಬ್ಯಾಂಕ್ ಲಾಕರು, ಖಾತೆಗಳನ್ನು ನಿರ್ವಹಿಸುವುದು, ಅವಳ ಅವಲಂಬಿತರು, ನೆಂಟರು ಹಾಗೂ ಅವಳಿಗೆ ಸಹಾಯ ಮಾಡಿದವರ ಮೇಲೆ ಹಿಂಸೆ ಎಸಗುವುದು ಇವಿಷ್ಟನ್ನೂ ಸೆಕ್ಷನ್ 18ರಡಿ ನಿಷೇಧಿಸಬಹುದು. ಪಟ್ಟಿಯಲ್ಲಿ ಇಲ್ಲದ ಬೇರೆ ಕೃತ್ಯವನ್ನೂ ಆದೇಶದಲ್ಲಿ ಹೆಸರಿಸಿ ತಡೆಯಲು ಅವಕಾಶವಿದೆ. ಆದರೆ ಇಷ್ಟೂ ನಿಷೇಧಗಳು ಪ್ರತಿಯೊಂದು ಆದೇಶದಲ್ಲಿ ತಾವಾಗಿ ಸೇರುವುದಿಲ್ಲ. ಮ್ಯಾಜಿಸ್ಟ್ರೇಟರು ಯಾವುದನ್ನು ಬರೆದಿದ್ದಾರೋ ಅದು ಮಾತ್ರ ಜಾರಿಯಲ್ಲಿರುತ್ತದೆ. ಅರ್ಜಿಯಲ್ಲಿ ‘ಸೂಕ್ತ ರಕ್ಷಣೆ ಕೊಡಿಸಿ’ ಎಂದು ಒಂದೇ ಮಾತಿನಲ್ಲಿ ಕೇಳುವುದಕ್ಕಿಂತ, ಇಂಥ ಕಚೇರಿಗೆ ಬರಬಾರದು, ಇಂಥ ಖಾತೆಯಿಂದ ಹಣ ತೆಗೆಯಬಾರದು ಎಂದು ಬಿಡಿಬಿಡಿಯಾಗಿ ಕೇಳುವುದು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಮೀರಿದರೆ ಶಿಕ್ಷೆ ಎಷ್ಟು?

ಒಂದು ವರ್ಷದವರೆಗೆ ಸಾದಾ ಅಥವಾ ಕಠಿಣ ಸೆರೆವಾಸ, ಇಲ್ಲವೆ 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಇದು ಗರಿಷ್ಠ ಮಿತಿ; ಕನಿಷ್ಠ ಇಷ್ಟು ಎಂದು ಕಾಯ್ದೆ ಹೇಳಿಲ್ಲ. ಎರಡನೆಯ, ಮೂರನೆಯ ಉಲ್ಲಂಘನೆಗೆ ಹೆಚ್ಚಿನ ಶಿಕ್ಷೆ ಎಂಬ ಪ್ರತ್ಯೇಕ ನಿಯಮವೂ ಇಲ್ಲ, ಆದರೆ ಪ್ರತಿಯೊಂದು ಉಲ್ಲಂಘನೆಯೂ ಬೇರೆ ಬೇರೆ ಅಪರಾಧ. ದಂಡದ ಹಣ ತಮಗೆ ಬರುತ್ತದೆಂದು ಅನೇಕ ಮಹಿಳೆಯರು ತಿಳಿದಿರುತ್ತಾರೆ. ದಂಡ ಸೇರುವುದು ಸರ್ಕಾರಕ್ಕೆ. ಅದರಲ್ಲಿ ಒಂದು ಪಾಲನ್ನು ಪರಿಹಾರವಾಗಿ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕೆ ಉಂಟು. ಆಗಿರುವ ನೋವಿಗೆ, ಮಾನಸಿಕ ಯಾತನೆಗೆ ಪರಿಹಾರ ಬೇಕಿದ್ದರೆ ಸೆಕ್ಷನ್ 22ರಡಿ ಬೇರೆಯಾಗಿಯೇ ಕೇಳಬೇಕು.

‘ಇದು ಬರೀ ಸಿವಿಲ್ ಕೇಸು, ಪೊಲೀಸರು ಏನೂ ಮಾಡುವಂತಿಲ್ಲ’ ಅಂತ ಗಂಡನ ಮನೆಯವರು ಹೇಳುತ್ತಾರೆ. ನಿಜವೇ?

ಅರ್ಧ ನಿಜ. ಸೆಕ್ಷನ್ 12ರಡಿ ಅರ್ಜಿ ಹಾಕಿ ಪರಿಹಾರ ಪಡೆಯುವ ಹಂತ ಬಹುಮಟ್ಟಿಗೆ ಸಿವಿಲ್ ಸ್ವರೂಪದ್ದು. ಆ ಹಂತದಲ್ಲಿ ಯಾರೂ ಆರೋಪಿಯಲ್ಲ, ಯಾರನ್ನೂ ಬಂಧಿಸುವುದಿಲ್ಲ. ಆದರೆ ಸಂರಕ್ಷಣಾ ಆದೇಶವನ್ನು ಮೀರಿದ ಕ್ಷಣದಿಂದ ಅದು ಕ್ರಿಮಿನಲ್ ಅಪರಾಧ. ಸೆಕ್ಷನ್ 32 ಅದನ್ನು ಸಂಜ್ಞೇಯ ಮತ್ತು ಜಾಮೀನುರಹಿತ ಎಂದು ಘೋಷಿಸಿದೆ. ಸಾಮಾನ್ಯವಾಗಿ ವಿಶೇಷ ಕಾಯ್ದೆಗಳಲ್ಲಿ ಒಂದು ವರ್ಷದ ಶಿಕ್ಷೆಯ ಅಪರಾಧ ಅಸಂಜ್ಞೇಯವೂ ಜಾಮೀನು ದೊರಕುವಂಥದ್ದೂ ಆಗಿರುತ್ತದೆ. ಇಲ್ಲಿ ಸಂಸತ್ತು ಬೇಕೆಂದೇ ಆ ಸಾಮಾನ್ಯ ನಿಯಮವನ್ನು ಬದಿಗಿಟ್ಟಿದೆ. ಹಾಗಾಗಿ ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿಗೆ ಕಾಯದೆ ಪೊಲೀಸರು ಎಫ್‌ಐಆರ್ ದಾಖಲಿಸಿ ತನಿಖೆ ನಡೆಸಬಹುದು.

ಆರ್ಡರ್ ಎಷ್ಟು ವರ್ಷ ನಡೆಯುತ್ತದೆ? ಪ್ರತಿ ವರ್ಷ ನವೀಕರಿಸಬೇಕಾ?

ನವೀಕರಣ ಬೇಕಿಲ್ಲ. ಆದೇಶ ಪಡೆದ ಮಹಿಳೆಯೇ ಅದನ್ನು ರದ್ದುಪಡಿಸಲು ಅರ್ಜಿ ಹಾಕುವವರೆಗೆ ಅದು ಊರ್ಜಿತದಲ್ಲಿರುತ್ತದೆ ಎಂದು ಸೆಕ್ಷನ್ 25 ಹೇಳುತ್ತದೆ. ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿ ಮಾರ್ಪಾಡು ಅಥವಾ ರದ್ದತಿ ಕೇಳುವ ಹಕ್ಕು ಇಬ್ಬರಿಗೂ ಇದೆ. ಆದರೆ ಆ ಬದಲಾವಣೆ ಆದೇಶವಾದ ನಂತರದ್ದಾಗಿರಬೇಕು, ಹಳೆಯ ಸಂಗತಿಗಳನ್ನೇ ಮತ್ತೆ ಎತ್ತಿಕೊಂಡು ಹಿಂದಿನ ದಿನಾಂಕದಿಂದ ಆದೇಶವನ್ನು ಅಳಿಸಿಹಾಕಲಾಗದು ಎಂದು ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ.

ಇನ್ನೂ ಮಧ್ಯಂತರ ಆದೇಶ ಮಾತ್ರ ಆಗಿದೆ. ಅದಕ್ಕೂ ಇಷ್ಟೇ ಬೆಲೆ ಇದೆಯಾ?

ಇದೆ. ಸೆಕ್ಷನ್ 31ರಲ್ಲಿ ಅಂತಿಮ ಮತ್ತು ಮಧ್ಯಂತರ ಎಂಬ ಭೇದವಿಲ್ಲ. ಶಿಕ್ಷೆ ಎರಡಕ್ಕೂ ಒಂದೇ.

## ಯಾವುದು ಉಲ್ಲಂಘನೆ, ಯಾವುದು ಅಲ್ಲ

ಹೊಡೆದಿಲ್ಲ, ಬಡಿದಿಲ್ಲ. ಬರೀ ವಾಟ್ಸ್‌ಆ್ಯಪ್ ಮೆಸೇಜು, ಮಿಸ್ಡ್ ಕಾಲು. ಅದೂ ಉಲ್ಲಂಘನೆಯೇ?

ಆದೇಶದಲ್ಲಿ ಸಂಪರ್ಕವನ್ನು ನಿಷೇಧಿಸಿದ್ದರೆ ಹೌದು. ಮುಖಾಮುಖಿ, ಬಾಯಿಮಾತು, ಬರಹ, ಎಲೆಕ್ಟ್ರಾನಿಕ್, ದೂರವಾಣಿ ಎಂದು ಎಲ್ಲ ರೂಪಗಳನ್ನೂ ಸೆಕ್ಷನ್ 18 ಹೆಸರಿಸುತ್ತದೆ. ಅಷ್ಟೇ ಅಲ್ಲ, ಅದು ಬಳಸಿರುವ ಪದ ‘ಸಂಪರ್ಕಿಸಲು ಪ್ರಯತ್ನ’. ರಾತ್ರಿ ಹನ್ನೊಂದೂವರೆಯಿಂದ ಎರಡರವರೆಗೆ ಹದಿನೇಳು ಮಿಸ್ಡ್ ಕಾಲುಗಳು ಬಂದಿದ್ದು ಒಂದನ್ನೂ ಎತ್ತದೇ ಇದ್ದರೂ ಅಲ್ಲಿ ಪ್ರಯತ್ನ ಆಗಿದೆ. ‘ತಪ್ಪಾಯಿತು, ಮನೆಗೆ ಬಾ’ ಎಂಬ ಮೃದುವಾದ ಸಂದೇಶಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸಂಪರ್ಕವನ್ನೇ ತಡೆದಿರುವಾಗ ಸಂದೇಶದ ಧಾಟಿ ಮುಖ್ಯವಾಗುವುದು ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ, ಅಪರಾಧ ಆಗಿದೆಯೇ ಎಂದು ನೋಡುವಾಗ ಅಲ್ಲ. ಆದೇಶವು ಹಿಂಸೆಯನ್ನು ಮಾತ್ರ ನಿಷೇಧಿಸಿ ಸಂಪರ್ಕದ ಬಗ್ಗೆ ಏನೂ ಹೇಳಿರದಿದ್ದರೆ ಲೆಕ್ಕ ಬೇರೆಯಾಗುತ್ತದೆ. ಆಗ ಆ ಸಂದೇಶಗಳು ಬೈಗುಳ, ಬೆದರಿಕೆ, ಅವಮಾನದ ಮಟ್ಟದವಾಗಿದ್ದು ಕಾಯ್ದೆ ವಿವರಿಸುವ ಮೌಖಿಕ, ಭಾವನಾತ್ಮಕ ಹಿಂಸೆಯ ವ್ಯಾಪ್ತಿಗೆ ಬರುತ್ತವೆಯೇ ಎಂದು ನೋಡಬೇಕಾಗುತ್ತದೆ. ಮಗುವಿನ ಶಾಲೆಯ ಶುಲ್ಕ ಕಟ್ಟಿದ್ದೇನೆ ಎಂಬ ಒಂದು ಸಾಲು ಅಂಥದ್ದಲ್ಲ.

ಅವರು ನೇರವಾಗಿ ಬರುವುದಿಲ್ಲ. ಅಣ್ಣನನ್ನು, ಸ್ನೇಹಿತರನ್ನು ಕಳಿಸಿ ಹೆದರಿಸುತ್ತಾರೆ. ಇದಕ್ಕೇನು ಮಾಡುವುದು?

ತಾನು ಮಾಡಬಾರದ್ದನ್ನು ಇನ್ನೊಬ್ಬರ ಕೈಲಿ ಮಾಡಿಸಿದರೂ ಅದು ಎದುರುದಾರರದೇ ಉಲ್ಲಂಘನೆ. ಕುಮ್ಮಕ್ಕು ಕೊಡುವುದನ್ನೂ ಆದೇಶದಲ್ಲಿ ತಡೆಯಬಹುದೆಂದು ಮೇಲೆ ಹೇಳಿದೆ. ಅದರ ಜೊತೆಗೆ, ಈ ಕಾಯ್ದೆಯಡಿ ಮಾಡಿದ 2006ರ ನಿಯಮಾವಳಿಯ 15ನೇ ನಿಯಮವು ಎದುರುದಾರರಾಗಲಿ, ಅವರ ಪರವಾಗಿ ವರ್ತಿಸುವ ಬೇರೆ ಯಾರೇ ಆಗಲಿ ಆದೇಶದ ಜಾರಿಗೆ ಅಡ್ಡಿಪಡಿಸಿದರೆ ಅದನ್ನೂ ಉಲ್ಲಂಘನೆಯೆಂದೇ ಭಾವಿಸಬೇಕು ಎನ್ನುತ್ತದೆ. ಬಂದು ಹೆದರಿಸಿದವರು ಮೂಲ ಅರ್ಜಿಯಲ್ಲಿ ಎದುರುದಾರರಲ್ಲದಿದ್ದರೆ ಅವರ ಮೇಲೆ ಸೆಕ್ಷನ್ 31ನ್ನು ನೇರವಾಗಿ ಹಾಕುವುದು ಕಷ್ಟ. ಅವರ ವಿರುದ್ಧ ಬೆದರಿಕೆ, ದುಷ್ಪ್ರೇರಣೆಯಂಥ ಅಪರಾಧಗಳಿಗೆ ಭಾರತೀಯ ನ್ಯಾಯ ಸಂಹಿತೆಯಡಿ ದೂರು ಕೊಡಬೇಕಾಗುತ್ತದೆ. ಯಾರು, ಯಾವ ದಿನ, ಯಾರ ಹೆಸರು ಹೇಳಿಕೊಂಡು ಬಂದರು ಎಂಬುದನ್ನು ಅಂದೇ ಬರೆದಿಡುವುದು ಒಳ್ಳೆಯದು. ‘ಅವರೇ ಕಳಿಸಿದ್ದು’ ಎಂಬ ಕೊಂಡಿಯನ್ನು ಸಾಬೀತುಪಡಿಸುವುದೇ ಇಂಥ ದೂರುಗಳಲ್ಲಿ ಅತಿ ಕಷ್ಟದ ಕೆಲಸ.

ಮಗುವಿಗೆ ಜ್ವರ ಬಂದಾಗ ನಾನೇ ಫೋನ್ ಮಾಡಿ ಕರೆದೆ, ಬಂದರು. ಈಗ ತಪ್ಪು ಯಾರದು?

ಆದೇಶವನ್ನು ಕೊಟ್ಟದ್ದು ನ್ಯಾಯಾಲಯ, ಅದು ಕಟ್ಟಿಹಾಕುವುದು ಎದುರುದಾರರನ್ನು. ಆದ್ದರಿಂದ ನಿಮ್ಮ ಒಂದು ಕರೆಯಿಂದ ಆದೇಶ ರದ್ದಾಗುವುದಿಲ್ಲ, ಕರೆದ ಕಾರಣಕ್ಕೆ ನಿಮ್ಮ ಮೇಲೆ ಸೆಕ್ಷನ್ 31ರ ಪ್ರಕರಣವೂ ಆಗುವುದಿಲ್ಲ. ಕಾಗದದ ಮೇಲೆ ಉಲ್ಲಂಘನೆ ಅವರದೇ. ಆದರೆ ವಿಚಾರಣೆಯಲ್ಲಿ ಆ ಕರೆಯ ದಾಖಲೆ ಹೊರಬಂದೇ ಬರುತ್ತದೆ, ಬಂದಾಗ ಮ್ಯಾಜಿಸ್ಟ್ರೇಟರು ಅದನ್ನು ಕಣ್ಣಿಗೆ ಕಾಣದಂತೆ ಬದಿಗಿಡುವುದಿಲ್ಲ. ಮುಂದೊಂದು ದಿನ ನಿಜವಾಗಿಯೂ ಬಾಗಿಲು ಒಡೆದು ಬಂದಾಗ ಕೊಡುವ ದೂರಿನ ಮೇಲೂ ಅದರ ನೆರಳು ಬೀಳುತ್ತದೆ. ಮಗುವಿನ ವಿಷಯಕ್ಕೆ ಆಗಾಗ ಮಾತಾಡಬೇಕಾದ ಅಗತ್ಯವಿದ್ದರೆ ಅಷ್ಟಕ್ಕೆ ಮಾತ್ರ ಅವಕಾಶ ಕೊಡುವಂತೆ ಸೆಕ್ಷನ್ 25ರಡಿ ಆದೇಶವನ್ನು ಮಾರ್ಪಡಿಸಿಕೊಳ್ಳುವುದು ಇಬ್ಬರಿಗೂ ಕ್ಷೇಮ. ಎದುರುದಾರರಿಗೂ ಹೇಳಬೇಕಾದದ್ದು ಇದೇ: ಅವಳು ಕರೆದಳೆಂಬುದು ಆದೇಶದಲ್ಲಿ ಬರೆದದ್ದನ್ನು ಅಳಿಸುವುದಿಲ್ಲ.

ಎಂಟು ತಿಂಗಳಿಂದ ಜೀವನಾಂಶ ಕಟ್ಟಿಲ್ಲ. ಸೆಕ್ಷನ್ 31 ಹಾಕಿ ಜೈಲಿಗೆ ಕಳಿಸಬಹುದಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಉತ್ತರವೂ ಸರಳವಲ್ಲ. ಜೀವನಾಂಶದ ಆದೇಶ ಸೆಕ್ಷನ್ 20ರದು. ಸೆಕ್ಷನ್ 31 ಹೇಳುವುದು ಸಂರಕ್ಷಣಾ ಆದೇಶದ ಬಗ್ಗೆ. ಜೀವನಾಂಶ ಕೊಡದಿರುವುದೂ ಆರ್ಥಿಕ ಹಿಂಸೆಯೇ ಆದ್ದರಿಂದ ಅದೂ ಉಲ್ಲಂಘನೆಯೇ ಎಂಬ ವಾದವನ್ನು ಕೆಲವು ನ್ಯಾಯಾಲಯಗಳು ಒಪ್ಪಿವೆ. ಶಿಕ್ಷೆ ವಿಧಿಸುವ ಕಲಮನ್ನು ಅದರ ಪದಗಳನ್ನು ದಾಟಿ ಹಿಗ್ಗಿಸಲಾಗದು ಎಂದು ಬೇರೆ ಹೈಕೋರ್ಟುಗಳು ಹೇಳಿವೆ. ಕೇರಳ ಹೈಕೋರ್ಟಿನ 2022ರ ತೀರ್ಪು ಈ ಎರಡನೆಯ ಸಾಲಿಗೆ ಸೇರಿದ್ದು. ಭಿನ್ನಾಭಿಪ್ರಾಯ ಇರುವಷ್ಟು ಕಾಲ, ಹಣ ಬೇಕಾದವರು ಸೆಕ್ಷನ್ 31ರ ಬೆನ್ನು ಹತ್ತುವುದು ಬುದ್ಧಿವಂತಿಕೆಯಲ್ಲ ಎಂಬುದು ಈ ಬರಹಗಾರನ ಅಭಿಪ್ರಾಯ. ಶಿಕ್ಷೆಯಾದರೂ ಬಾಕಿ ತಾನಾಗಿ ಕೈಗೆ ಬರುವುದಿಲ್ಲ.

ವಸೂಲಿಗೆ ಬೇರೆ ದಾರಿಗಳು ಗಟ್ಟಿಯಾಗಿವೆ. ಸೆಕ್ಷನ್ 20(6)ರಡಿ, ಸಂಬಳದ ಒಂದು ಭಾಗವನ್ನು ನೇರವಾಗಿ ಮಹಿಳೆಗೆ ಕೊಡುವಂತೆ ಅಥವಾ ಕೋರ್ಟಿಗೆ ಕಟ್ಟುವಂತೆ ಎದುರುದಾರರ ಉದ್ಯೋಗದಾತರಿಗೆ, ಅವರಿಗೆ ಸಾಲ ತೀರಿಸಬೇಕಾದವರಿಗೆ ಮ್ಯಾಜಿಸ್ಟ್ರೇಟರು ನಿರ್ದೇಶನ ಕೊಡಬಹುದು. ಸಂಬಳದಾರರ ವಿಷಯದಲ್ಲಿ ಇದರಷ್ಟು ಪರಿಣಾಮಕಾರಿ ಉಪಾಯ ಇನ್ನೊಂದಿಲ್ಲ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 125ರ ಆದೇಶವನ್ನು ಜಾರಿ ಮಾಡುವ ರೀತಿಯಲ್ಲೇ ಈ ಕಾಯ್ದೆಯ ಆದೇಶಗಳನ್ನೂ ಜಾರಿ ಮಾಡಬೇಕೆಂದು ನಿಯಮಾವಳಿ ಹೇಳುತ್ತದೆ. ಆ ಸೆಕ್ಷನ್ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ. ಅದರಂತೆ ವಾರಂಟ್ ಹೊರಡಿಸಿ ವಸೂಲು ಮಾಡಬಹುದು, ಆಮೇಲೂ ಉಳಿದ ಬಾಕಿಗೆ ತಿಂಗಳೊಂದಕ್ಕೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ವಾರಂಟ್ ಕೇಳುವ ಅರ್ಜಿಯನ್ನು ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕೆಂಬುದು ನೆನಪಿರಲಿ. ಎಂಟು ತಿಂಗಳು ಆಗಿದೆ ಎನ್ನುವವರಿಗೆ ಉಳಿದಿರುವ ಸಮಯ ಹೆಚ್ಚಿಲ್ಲ.

ಮನೆಯಿಂದ ಹೊರಹಾಕಬಾರದು ಅಂತ ಆದೇಶವಿದೆ. ಆದರೂ ಬೀಗ ಬದಲಾಯಿಸಿದ್ದಾರೆ. ಯಾರ ಬಳಿ ಹೋಗಲಿ?

ಆದೇಶ ಕೊಟ್ಟ ಮ್ಯಾಜಿಸ್ಟ್ರೇಟರ ಬಳಿ. ವಾಸದ ಆದೇಶ ಸೆಕ್ಷನ್ 19ರದಾದ್ದರಿಂದ ಇಲ್ಲೂ ಸೆಕ್ಷನ್ 31 ನೇರವಾಗಿ ಅನ್ವಯಿಸುತ್ತದೆಯೇ ಎಂಬ ಅದೇ ತಕರಾರು ಏಳುತ್ತದೆ. ಆದರೆ ಕಾಯ್ದೆಯಡಿಯ ಯಾವುದೇ ಆದೇಶದ ಜಾರಿಗೆ ಅಡ್ಡಿಪಡಿಸುವುದನ್ನೂ ಉಲ್ಲಂಘನೆಯೆಂದು ಭಾವಿಸುವ 15ನೇ ನಿಯಮ ಇಲ್ಲಿ ಮಹಿಳೆಯ ನೆರವಿಗೆ ಬರುತ್ತದೆ. ತಕರಾರಿನ ತೀರ್ಮಾನಕ್ಕೆ ಕಾಯದೆಯೂ, ಆದೇಶವನ್ನು ಜಾರಿ ಮಾಡಲು ನೆರವಾಗುವಂತೆ ಠಾಣಾಧಿಕಾರಿಗೆ ನಿರ್ದೇಶನ ಕೊಡುವ ಅಧಿಕಾರ ಸೆಕ್ಷನ್ 19ರಲ್ಲೇ ಇದೆ. ಬೀಗ ತೆಗೆಸಿ ಒಳಗೆ ಬಿಡಿಸುವುದು ಅಂಥ ನಿರ್ದೇಶನದ ಮೂಲಕವೇ ಬೇಗ ಆಗುತ್ತದೆ.

## ದೂರು ಮತ್ತು ಸಾಕ್ಷ್ಯ

ದೂರು ಕೊಡುವುದು ಎಲ್ಲಿ?

ಮೂರು ಬಾಗಿಲುಗಳಿವೆ: ಸಂರಕ್ಷಣಾಧಿಕಾರಿ (ಈ ಕಾಯ್ದೆಯಡಿ ಮಹಿಳೆಗೆ ನೆರವಾಗಲು ಸರ್ಕಾರ ನೇಮಿಸಿದ ಅಧಿಕಾರಿ), ಪೊಲೀಸ್ ಠಾಣೆ, ನೇರವಾಗಿ ಮ್ಯಾಜಿಸ್ಟ್ರೇಟ್. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಸಂರಕ್ಷಣಾಧಿಕಾರಿಗಳೂ ಆಗಿ ಕೆಲಸ ಮಾಡುತ್ತಾರೆ. ಅವರಿಗೆ ಸಹಿ ಮಾಡಿದ ಲಿಖಿತ ದೂರು ಕೊಟ್ಟರೆ, ಆದೇಶದ ಪ್ರತಿಯ ಸಮೇತ ಅದನ್ನು ಮ್ಯಾಜಿಸ್ಟ್ರೇಟರಿಗೆ ಕಳಿಸುವುದು ಅವರ ಕರ್ತವ್ಯ. ಅಪಾಯ ಎದುರಿಗೇ ಇದ್ದಾಗ ಈ ಕ್ರಮಕ್ಕೆಲ್ಲ ಕಾಯಬಾರದು. ಮೊದಲು 112ಕ್ಕೆ ಕರೆ ಮಾಡಬೇಕು. ಸಲಹೆ, ಆಶ್ರಯಕ್ಕೆ ಮಹಿಳಾ ಸಹಾಯವಾಣಿ 181 ಇದೆ. ವಕೀಲರ ಶುಲ್ಕ ಕೊಡಲಾಗದವರಿಗೆ ಕಾನೂನು ಸೇವಾ ಪ್ರಾಧಿಕಾರದ 15100 ಇದೆ. ಉಚಿತ ಕಾನೂನು ನೆರವು ಪಡೆಯಲು ಮಹಿಳೆಯರಿಗೆ ಆದಾಯದ ಮಿತಿಯಿಲ್ಲ.

ಠಾಣೆಯಲ್ಲಿ ‘ಕೋರ್ಟ್ ಆರ್ಡರ್ ತಾನೇ, ಕೋರ್ಟಿಗೇ ಹೋಗಮ್ಮ’ ಅಂತ ಕಳಿಸಿಬಿಟ್ಟರು.

ಸಂಜ್ಞೇಯ ಅಪರಾಧದ ಮಾಹಿತಿ ಬಂದಾಗ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಹೇಳಿದೆ. ಆದರೂ ವಾಪಸು ಕಳಿಸುವುದು ನಡೆದೇ ಇದೆ. ಎಷ್ಟೋ ಬಾರಿ ಅದರ ಹಿಂದೆ ದುರುದ್ದೇಶಕ್ಕಿಂತ ಗೊಂದಲ ಇರುತ್ತದೆ. ಠಾಣೆಯ ಮೇಜಿನ ಮೇಲೆ ಹದಿನಾಲ್ಕು ಪುಟಗಳ ಆದೇಶ ಇಟ್ಟರೆ, ಕೂತವರು ಮೊದಲ ಪುಟದ ‘ಕ್ರಿ.ಮಿಸ್.’ (ಕ್ರಿಮಿನಲ್ ಮಿಸಲೇನಿಯಸ್, ಅಂದರೆ ಇತರೆ ಅರ್ಜಿ) ಸಂಖ್ಯೆ ನೋಡಿ ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುತ್ತಾರೆ. ಕೊನೆಯ ಪುಟವನ್ನು ಮೇಲಿಟ್ಟು, ನಿಷೇಧದ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ದೂರಿನ ಮೊದಲ ವಾಕ್ಯದಲ್ಲೇ ‘ಇಂಥ ದಿನಾಂಕದ ಸಂರಕ್ಷಣಾ ಆದೇಶದ ಇಂಥ ಷರತ್ತನ್ನು ಇಂಥ ದಿನ ಮೀರಿದ್ದಾರೆ, ಇದು ಸೆಕ್ಷನ್ 31ರಡಿ ಅಪರಾಧ, ಸೆಕ್ಷನ್ 32ರಂತೆ ಸಂಜ್ಞೇಯ’ ಎಂದು ಬರೆದುಕೊಟ್ಟರೆ ಮಾತು ಬೇರೆಯಾಗುತ್ತದೆ. ಎನ್‌ಸಿಆರ್ (ಅಸಂಜ್ಞೇಯ ವರದಿ) ಮಾಡಿ ಎದುರಿನವರನ್ನು ಕರೆಸಿ ಬುದ್ಧಿ ಹೇಳುತ್ತೇವೆ ಎಂದರೆ, ಅಸಂಜ್ಞೇಯ ಪ್ರಕರಣಕ್ಕೆ ಇರುವ ಆ ದಾರಿ ಇದಕ್ಕೆ ಸಲ್ಲದು ಎಂದು ಸೌಮ್ಯವಾಗಿ ಹೇಳಬಹುದು. ಒಪ್ಪದಿದ್ದರೆ ದೂರು ಸ್ವೀಕರಿಸಿದ್ದಕ್ಕೆ ಹಿಂಬರಹ ಕೇಳಿ ಪಡೆಯಬೇಕು, ಅದೇ ದೂರನ್ನು ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬೇಕು, ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಸೆಕ್ಷನ್ 24ರಂತೆ ಆದೇಶದ ಪ್ರತಿ ಠಾಣೆಗೂ ಉಚಿತವಾಗಿ ಹೋಗಿರಬೇಕು. ಹೋಗಿದೆಯೇ ಎಂದು ಆದೇಶವಾದ ವಾರದಲ್ಲೇ ವಿಚಾರಿಸಿಕೊಂಡಿದ್ದರೆ ಈ ತಾಪತ್ರಯ ಅರ್ಧ ಕಡಿಮೆಯಾಗುತ್ತದೆ.

ನಾನೊಬ್ಬಳೇ ಇದ್ದಾಗ ಬಂದು ಹೆದರಿಸಿದರು. ಸಾಕ್ಷಿ ಯಾರೂ ಇಲ್ಲ. ದೂರು ನಿಲ್ಲುತ್ತದಾ?

ನಿಲ್ಲಬಹುದು. ನೊಂದ ಮಹಿಳೆಯೊಬ್ಬಳ ಸಾಕ್ಷ್ಯದ ಮೇಲೆಯೇ ಅಪರಾಧ ನಡೆದಿದೆ ಎಂಬ ತೀರ್ಮಾನಕ್ಕೆ ನ್ಯಾಯಾಲಯ ಬರಬಹುದು ಎಂದು ಸೆಕ್ಷನ್ 32(2) ಹೇಳುತ್ತದೆ. ಮನೆಯೊಳಗಿನ ಹಿಂಸೆಗೆ ಹೊರಗಿನ ಸಾಕ್ಷಿ ಇರುವುದಿಲ್ಲವೆಂಬ ಅರಿವಿನಿಂದ ಬಂದ ಕಲಮು ಇದು. ಆದರೆ ಅದು ‘ಬರಬಹುದು’ ಎನ್ನುತ್ತದೆಯೇ ಹೊರತು ‘ಬರಲೇಬೇಕು’ ಎನ್ನುವುದಿಲ್ಲ. ಪಾಟೀಸವಾಲು ಇದ್ದೇ ಇರುತ್ತದೆ, ಅಲ್ಲಿ ಅವಳ ಮಾತು ನಂಬಿಕೆಗೆ ಅರ್ಹವೆಂದು ಕಾಣಬೇಕು. ಆದ್ದರಿಂದ ಕರೆಗಳ ಪಟ್ಟಿ, ಸಂದೇಶ, ಗೇಟಿನ ಸಿಸಿಟಿವಿ ದೃಶ್ಯ, ಆಸ್ಪತ್ರೆಯ ಚೀಟಿ ಏನಿದ್ದರೂ ಉಳಿಸಿಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರಂತೆ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯ ಜೊತೆ ನಿಗದಿತ ಪ್ರಮಾಣಪತ್ರ ಲಗತ್ತಿಸಬೇಕಾಗುತ್ತದೆ. ಸ್ಕ್ರೀನ್‌ಶಾಟ್ ತೆಗೆದ ಮೇಲೆ ಮೂಲ ಸಂದೇಶವನ್ನು ಅಳಿಸುವುದು, ಹಳೆಯ ಫೋನನ್ನು ವಿನಿಮಯಕ್ಕೆ ಕೊಡುವುದು ಇವೆರಡನ್ನೂ ಪ್ರಕರಣ ಮುಗಿಯುವವರೆಗೆ ಮಾಡಬಾರದು.

ಮನಸ್ಸು ಗಟ್ಟಿ ಮಾಡಿಕೊಳ್ಳಲು ಸಮಯ ಬೇಕು. ಎಷ್ಟು ದಿನದೊಳಗೆ ದೂರು ಕೊಡಬೇಕು?

ಉಲ್ಲಂಘನೆಯಾದ ದಿನದಿಂದ ಒಂದು ವರ್ಷದೊಳಗೆ. ಸೆಕ್ಷನ್ 12ರ ಮೂಲ ಅರ್ಜಿಗೆ ಈ ಕಾಲಮಿತಿ ಅನ್ವಯಿಸುವುದಿಲ್ಲ, ಸೆಕ್ಷನ್ 31ರ ಅಪರಾಧಕ್ಕೆ ಉಲ್ಲಂಘನೆಯ ದಿನದಿಂದ ಅದು ಆರಂಭವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ವಿವರಿಸಿದೆ. ತಡವನ್ನು ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕೆ ಇದ್ದರೂ ಅದನ್ನು ನಂಬಿ ಕೂರಬಾರದು.

ಆರ್ಡರ್ ಆದದ್ದು ಮೈಸೂರಿನಲ್ಲಿ. ಈಗ ನಾನು ಪುಣೆಯಲ್ಲಿದ್ದೇನೆ. ಅಲ್ಲೂ ನಡೆಯುತ್ತದಾ?

ನಡೆಯುತ್ತದೆ. ಈ ಕಾಯ್ದೆಯಡಿ ಕೊಟ್ಟ ಆದೇಶ ಭಾರತದಾದ್ಯಂತ ಜಾರಿಯಾಗತಕ್ಕದ್ದು ಎಂದು ಸೆಕ್ಷನ್ 27(2) ಹೇಳುತ್ತದೆ. ಉಲ್ಲಂಘನೆ ನಡೆದ ಊರಿನ ಠಾಣೆಯಲ್ಲೇ ದೂರು ಕೊಡಬಹುದು. ಕನ್ನಡದಲ್ಲಿರುವ ಆದೇಶವಾದರೆ ದೃಢೀಕೃತ ನಕಲಿನ ಜೊತೆ ಅನುವಾದವನ್ನೂ ಇಟ್ಟುಕೊಂಡಿರುವುದು ಅನುಕೂಲ.

## ಆದೇಶಕ್ಕೆ ಒಳಗಾದವರು ಕೇಳುವುದು

ನನ್ನ ಗೈರಿನಲ್ಲಿ ಆದೇಶ ಮಾಡಿದ್ದಾರೆ. ಪ್ರತಿಯೇ ಸಿಕ್ಕಿಲ್ಲ. ನಾನು ಹೇಗೆ ಮೀರಿದಂತಾಗುತ್ತದೆ?

ಸೆಕ್ಷನ್ 23ರಡಿ ಏಕಪಕ್ಷೀಯ ಆದೇಶ ಕೊಡಬಹುದು. ಆದೇಶವಿದೆಯೆಂಬ ಅರಿವೇ ಇಲ್ಲದವರು ಅದನ್ನು ಮೀರಿದರೆಂದು ಸಾಬೀತುಪಡಿಸುವುದು ಸುಲಭವಲ್ಲ, ಆದ್ದರಿಂದ ಪ್ರತಿ ತಲುಪಿತೇ ಎಂಬುದು ಇಂಥ ವಿಚಾರಣೆಯಲ್ಲಿ ಮೊದಲ ಪ್ರಶ್ನೆಯಾಗುತ್ತದೆ. ಆದರೆ ಅಂಚೆಯವರು ತಂದ ಲಕೋಟೆಯನ್ನು ಬೇಕೆಂದೇ ತಿರಸ್ಕರಿಸಿದವರಿಗೆ, ಅಥವಾ ವಕೀಲರ ಮೂಲಕ ವಿಷಯ ತಿಳಿದೂ ಕಾಗದ ಕೈಗೆ ಬಂದಿಲ್ಲ ಎನ್ನುವವರಿಗೆ ಈ ವಾದ ಹೆಚ್ಚು ದೂರ ಸಾಗದು. ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕು ನಿಮಗೂ ಇದೆ. ಪಡೆದು, ಕೊನೆಯ ಪುಟ ಓದಿ.

ದೂರು ಕೊಟ್ಟ ತಕ್ಷಣ ಅರೆಸ್ಟ್ ಮಾಡುತ್ತಾರಾ? ಜಾಮೀನು ಸಿಗುವುದೇ ಇಲ್ಲವಾ?

ಎರಡಕ್ಕೂ ಉತ್ತರ ‘ಹಾಗೇನಿಲ್ಲ’. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನದ ಅಗತ್ಯವನ್ನು ಕಾರಣ ಸಮೇತ ದಾಖಲಿಸದೆ ಯಾಂತ್ರಿಕವಾಗಿ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ್ದು ಇದಕ್ಕೂ ಅನ್ವಯಿಸುತ್ತದೆ. ಹಾಜರಾಗುವಂತೆ ನೋಟಿಸ್ ಬರುವುದು ಸಾಮಾನ್ಯ. ನೋಟಿಸನ್ನು ಕಡೆಗಣಿಸಿದರೆ, ಅಥವಾ ಮಹಿಳೆಗೆ ಮತ್ತೆ ತೊಂದರೆ ಕೊಡುವ ಸಾಧ್ಯತೆ ಕಂಡರೆ ಬಂಧಿಸಬಹುದು. ಜಾಮೀನುರಹಿತ ಎಂದರೆ ಜಾಮೀನು ಸಿಗುವುದಿಲ್ಲ ಎಂದಲ್ಲ. ಅದು ಹಕ್ಕಾಗಿ ಸಿಗದೆ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು ಎಂದರ್ಥ. ಕೊಡುವಾಗ ಫೋನ್ ಮಾಡಬಾರದು, ಅವಳ ಮನೆಯಿಂದ ಮತ್ತು ಅವಳು ಹೋಗಿಬರುವ ಜಾಗಗಳಿಂದ ದೂರವಿರಬೇಕು, ಬಂದೂಕು ಇಟ್ಟುಕೊಳ್ಳಬಾರದು, ಮದ್ಯ ಸೇವಿಸಬಾರದು ಎಂಬಂಥ ಷರತ್ತುಗಳನ್ನು ಹಾಕಬಹುದೆಂದು 15ನೇ ನಿಯಮವೇ ಪಟ್ಟಿ ಕೊಟ್ಟಿದೆ. ಆ ಷರತ್ತನ್ನೂ ಮುರಿದರೆ ಜಾಮೀನು ರದ್ದಾಗಬಹುದು.

ಸೆಷನ್ಸ್ ಕೋರ್ಟಿನಲ್ಲಿ ಅಪೀಲು ಹಾಕಿದ್ದೇನೆ. ಅಲ್ಲಿವರೆಗೆ ಪಾಲಿಸಬೇಕಾ?

ತಡೆಯಾಜ್ಞೆ ಸಿಗದ ಹೊರತು ಪಾಲಿಸಲೇಬೇಕು. ಸೆಕ್ಷನ್ 29ರಂತೆ ಆದೇಶ ತಲುಪಿದ 30 ದಿನಗಳೊಳಗೆ ಮೇಲ್ಮನವಿ ಹಾಕಬಹುದು, ಆದರೆ ಹಾಕಿದ ಮಾತ್ರಕ್ಕೆ ಆದೇಶ ನಿಂತುಹೋಗುವುದಿಲ್ಲ.

ಅವಳು ಸುಳ್ಳು ದೂರು ಕೊಡುತ್ತಾಳೆಂಬ ಭಯ. ನಾನು ಏನು ಮಾಡಬೇಕು?

ಮೊದಲನೆಯದಾಗಿ, ಯಾವ ನೆಪಕ್ಕೂ ಸಂಪರ್ಕಿಸಬೇಡಿ; ‘ದೂರು ವಾಪಸು ತಗೋ’ ಎಂದು ಕೇಳಲು ಮಾಡಿದ ಕರೆಯೇ ನಿಜವಾದ ಉಲ್ಲಂಘನೆಯಾಗಿಬಿಟ್ಟ ಸಂದರ್ಭಗಳು ಬೇಕಾದಷ್ಟಿವೆ. ಮಾತು ಅನಿವಾರ್ಯವಾದರೆ ವಕೀಲರ ಮೂಲಕ ಆಗಲಿ. ಮಗುವನ್ನು ನೋಡಲು ಸೆಕ್ಷನ್ 21ರಡಿ ಅವಕಾಶ ಕೊಟ್ಟಿದ್ದರೆ ಅಲ್ಲಿ ಹೇಳಿರುವ ಸ್ಥಳ, ಸಮಯವನ್ನು ಮೀರಬೇಡಿ. ಆ ದಿನ ಬೇರೆಡೆ ಇದ್ದುದಕ್ಕೆ ಹಾಜರಿ ಪುಸ್ತಕ, ಪ್ರಯಾಣದ ಟಿಕೆಟು, ಸಿಸಿಟಿವಿ ಇದ್ದರೆ ಬೇಗ ಸಂಗ್ರಹಿಸಿ. ಸಿಸಿಟಿವಿ ದೃಶ್ಯ ಬಹಳ ದಿನ ಉಳಿಯುವುದಿಲ್ಲ. ಅವಳ ಸಾಕ್ಷ್ಯವೊಂದೇ ಸಾಕು ಎಂಬ ನಿಯಮ ನಿಮ್ಮ ಪಾಟೀಸವಾಲಿನ ಹಕ್ಕನ್ನು ಕಸಿದುಕೊಂಡಿಲ್ಲ.

ಕೇಸಾದರೆ ನೌಕರಿ, ಪಾಸ್‌ಪೋರ್ಟ್ ಹೋಗುತ್ತವೆಯೇ?

ತಾವಾಗಿ ಹೋಗುವುದಿಲ್ಲ. ಆದರೆ ಕೇಂದ್ರ ಸರ್ಕಾರಿ ನೌಕರರು 48 ಗಂಟೆಗಿಂತ ಹೆಚ್ಚು ಕಾಲ ಬಂಧನದಲ್ಲಿದ್ದರೆ ಸೇವಾ ನಿಯಮಗಳಂತೆ ಅಮಾನತಾದರೆಂದೇ ಭಾವಿಸಲಾಗುತ್ತದೆ, ಶಿಕ್ಷೆಯಾದರೆ ಇಲಾಖಾ ಕ್ರಮವೂ ಬರಬಹುದು. ಕ್ರಿಮಿನಲ್ ಪ್ರಕರಣ ನ್ಯಾಯಾಲಯದಲ್ಲಿ ಬಾಕಿಯಿರುವಾಗ ಪಾಸ್‌ಪೋರ್ಟ್ ನಿರಾಕರಿಸಲು ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಅವಕಾಶವಿದೆ. ಆಗ ಆ ನ್ಯಾಯಾಲಯದ ಅನುಮತಿ ತರಬೇಕಾಗುತ್ತದೆ.

## ಇನ್ನಷ್ಟು ಆಳದ ಪ್ರಶ್ನೆಗಳು

ವಿಚಾರಣೆ ಯಾವ ಕೋರ್ಟಿನಲ್ಲಿ? 498ಎ ಕೇಸೂ ಇದರಲ್ಲೇ ಸೇರುತ್ತದಾ?

ಆದೇಶ ಕೊಟ್ಟ ಮ್ಯಾಜಿಸ್ಟ್ರೇಟರೇ ಆದಷ್ಟು ಮಟ್ಟಿಗೆ ಉಲ್ಲಂಘನೆಯ ವಿಚಾರಣೆಯನ್ನೂ ನಡೆಸಬೇಕು. ದೋಷಾರೋಪ ಹೊರಿಸುವಾಗ ಸಂಗತಿಗಳಿಂದ ಕ್ರೌರ್ಯ ಅಥವಾ ವರದಕ್ಷಿಣೆಯ ಅಪರಾಧ ಕಂಡುಬಂದರೆ ಅವುಗಳ ಆರೋಪವನ್ನೂ ಸೇರಿಸಲು ಸೆಕ್ಷನ್ 31(3) ಅವಕಾಶ ಕೊಡುತ್ತದೆ. ಹಿಂದಿನ ಭಾರತೀಯ ದಂಡ ಸಂಹಿತೆಯಲ್ಲಿ ಕ್ರೌರ್ಯದ ಕಲಮಾಗಿದ್ದ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86. ಆ ದೊಡ್ಡ ಆರೋಪಗಳನ್ನು ಬೇರ್ಪಡಿಸಿ, ಉಲ್ಲಂಘನೆಯನ್ನಷ್ಟೇ ಸಂಕ್ಷಿಪ್ತ ವಿಚಾರಣೆಯಲ್ಲಿ ಬೇಗ ಮುಗಿಸಬಹುದೆಂದು ನಿಯಮಾವಳಿ ಹೇಳುತ್ತದೆ. ಇಲ್ಲೊಂದು ಕೊಡುಕೊಳ್ಳುವಿಕೆ ಇದೆ: ಸಂಕ್ಷಿಪ್ತ ವಿಚಾರಣೆಯಲ್ಲಿ ಮೂರು ತಿಂಗಳಿಗಿಂತ ಹೆಚ್ಚಿನ ಸೆರೆವಾಸ ವಿಧಿಸುವಂತಿಲ್ಲ. ಕಾಗದದ ಮೇಲಿನ ಒಂದು ವರ್ಷ ಅಲ್ಲಿ ಮೂರು ತಿಂಗಳಿಗೆ ಇಳಿಯುತ್ತದೆ. ಆದರೂ ನಾಲ್ಕು ವರ್ಷ ಎಳೆದ ವಿಚಾರಣೆಯ ಕೊನೆಗೆ ಬರುವ ಕಠಿಣ ಶಿಕ್ಷೆಗಿಂತ ಆರು ತಿಂಗಳಲ್ಲಿ ಬರುವ ಸಣ್ಣ ಶಿಕ್ಷೆಯೇ ಆದೇಶದ ಮರ್ಯಾದೆಯನ್ನು ಹೆಚ್ಚು ಉಳಿಸುತ್ತದೆ ಎನಿಸುತ್ತದೆ.

ಅತ್ತೆ, ನಾದಿನಿ ಮೀರಿದರೆ? ಹೆಂಗಸರ ಮೇಲೆ ಈ ಕೇಸು ಬರುವುದಿಲ್ಲ ಅಂತಾರಲ್ಲ?

ಮೊದಲು ಎದುರುದಾರ ಎಂದರೆ ‘ವಯಸ್ಕ ಪುರುಷ’ ಎಂಬ ವ್ಯಾಖ್ಯೆ ಇತ್ತು. ಸುಪ್ರೀಂ ಕೋರ್ಟ್ 2016ರಲ್ಲಿ ಆ ಪದಗಳನ್ನು ತೆಗೆದುಹಾಕಿತು. ಈಗ ಅತ್ತೆ, ನಾದಿನಿಯರನ್ನೂ ಎದುರುದಾರರನ್ನಾಗಿ ಮಾಡಬಹುದು, ಅವರ ವಿರುದ್ಧ ಸಂರಕ್ಷಣಾ ಆದೇಶವಿದ್ದು ಅವರೇ ಮೀರಿದರೆ ಸೆಕ್ಷನ್ 31 ಅವರಿಗೂ ಅನ್ವಯಿಸುತ್ತದೆ. ಆದರೆ ಆದೇಶ ಗಂಡನೊಬ್ಬನ ಮೇಲಷ್ಟೇ ಇದ್ದರೆ ಅತ್ತೆಯ ಮೇಲೆ ಉಲ್ಲಂಘನೆಯ ಆರೋಪ ಹೊರಿಸಲಾಗದು.

ಹಿರಿಯರ ಮುಂದೆ ರಾಜಿಯಾಗಿದೆ. ಕೇಸು ವಾಪಸು ತೆಗೆದುಕೊಳ್ಳಬಹುದಾ?

ಸಂರಕ್ಷಣಾ ಆದೇಶವನ್ನು ಬೇಡವೆಂದು ಮಹಿಳೆ ಸೆಕ್ಷನ್ 25ರಡಿ ಹೇಳಬಹುದು. ಅದು ಮುಂದಿನದಕ್ಕೆ, ಈಗಾಗಲೇ ದಾಖಲಾದ ಉಲ್ಲಂಘನೆಯ ಪ್ರಕರಣ ಅದರಿಂದ ಅಳಿಯುವುದಿಲ್ಲ. ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇದು ಇಲ್ಲದ ಕಾರಣ, ಒಪ್ಪಂದದ ಆಧಾರದ ಮೇಲೆ ರದ್ದುಪಡಿಸುವಂತೆ ಹೈಕೋರ್ಟನ್ನು ಕೇಳಬೇಕಾಗುತ್ತದೆ. ಪಂಚಾಯಿತಿಯಲ್ಲಿ ಛಾಪಾ ಕಾಗದದ ಮೇಲೆ ಬರೆದ ರಾಜಿ ಪತ್ರದಿಂದ ನ್ಯಾಯಾಲಯದ ಆದೇಶ ರದ್ದಾಗದು. ಅಂಥ ಪತ್ರವನ್ನು ನಂಬಿ ಮನೆಗೆ ಹೋಗಿ, ಮೂರೇ ವಾರದಲ್ಲಿ ಮತ್ತೆ ಜಗಳವಾಗಿ, ಆದೇಶ ಇನ್ನೂ ಜೀವಂತವಾಗಿದೆಯೆಂದು ಠಾಣೆಯಲ್ಲಿ ಮೊದಲ ಸಲ ತಿಳಿದುಕೊಳ್ಳುವ ಗಂಡಂದಿರ ಗೊಂದಲ ಅನುಕಂಪಕ್ಕೆ ಯೋಗ್ಯವಾದರೂ ಕಾನೂನಿನ ರಕ್ಷಣೆ ಅದಕ್ಕಿಲ್ಲ.

ಸಂರಕ್ಷಣಾಧಿಕಾರಿಗೆ ಮೂರು ಸಲ ಬರೆದುಕೊಟ್ಟೆ. ಏನೂ ಮಾಡಲಿಲ್ಲ. ಅವರ ಮೇಲೆ ಕ್ರಮ ಇದೆಯಾ?

ಇದೆ. ಸಂರಕ್ಷಣಾ ಆದೇಶದಲ್ಲಿ ಮ್ಯಾಜಿಸ್ಟ್ರೇಟರು ತಮಗೆ ವಹಿಸಿದ ಕರ್ತವ್ಯವನ್ನು ಸೂಕ್ತ ಕಾರಣವಿಲ್ಲದೆ ಮಾಡದೇ ಹೋದ, ಅಥವಾ ಮಾಡಲು ನಿರಾಕರಿಸಿದ ಸಂರಕ್ಷಣಾಧಿಕಾರಿಗೂ ಒಂದು ವರ್ಷದವರೆಗೆ ಸೆರೆವಾಸ, 20,000 ರೂಪಾಯಿವರೆಗೆ ದಂಡ ಎಂದು ಸೆಕ್ಷನ್ 33 ಹೇಳುತ್ತದೆ. ಉಲ್ಲಂಘಿಸಿದವರಿಗೆ ಇರುವಷ್ಟೇ ಶಿಕ್ಷೆ. ಆದರೆ ಸೆಕ್ಷನ್ 34ರಂತೆ ರಾಜ್ಯ ಸರ್ಕಾರದ ಪೂರ್ವಾನುಮತಿಯಿಲ್ಲದೆ ಆ ಮೊಕದ್ದಮೆ ಹೂಡಲಾಗದು, ಆ ಅನುಮತಿ ಸುಲಭಕ್ಕೆ ಬರುವುದಿಲ್ಲ. ಒಬ್ಬ ಅಧಿಕಾರಿಯ ಮೇಲೆ ಹತ್ತಾರು ಬೇರೆ ಯೋಜನೆಗಳ ಹೊರೆಯಿರುವುದೂ ಸುಳ್ಳಲ್ಲ. ನಾಲ್ಕನೆಯ ಸಲ ಬರೆದುಕೊಡುವ ಬದಲು, ಹಿಂದಿನ ಮೂರು ದೂರುಗಳ ಸ್ವೀಕೃತಿಯನ್ನು ಲಗತ್ತಿಸಿ ನೇರವಾಗಿ ಮ್ಯಾಜಿಸ್ಟ್ರೇಟರಿಗೇ ಅರ್ಜಿ ಕೊಡಿ. ಅಧಿಕಾರಿಯಿಂದ ವರದಿ ತರಿಸಿಕೊಳ್ಳುವ ಕೆಲಸವನ್ನು ಅವರು ಮಾಡುತ್ತಾರೆ.